ಪರ-ವಿರೋಧ: ಸಂಶೋಧನೆಯ ಅಂಕಿಅಂಶಕ್ಕೆ ಕೋಡ್ ಬರೆಯುವವರು ಯಾರಾಗಬೇಕು?

ಕೃಷಿಯ ಎಂ.ಎಸ್ಸಿ. ಇರಲಿ, ವೈದ್ಯಕೀಯದ ಎಂ.ಡಿ. ಇರಲಿ, ಸಮಾಜಶಾಸ್ತ್ರದ ಪಿಎಚ್.ಡಿ. ಇರಲಿ, ಹೊಲ ಸುತ್ತಿ, ರೋಗಿಗಳನ್ನು ಕಂಡು, ಮನೆಮನೆಯ ಬಾಗಿಲು ತಟ್ಟಿ ಮಾಹಿತಿ ಕಲೆಹಾಕಿದ ವಿದ್ಯಾರ್ಥಿ ಕೊನೆಗೆ ಬಂದು ನಿಲ್ಲುವುದು ಅಂಕಿಅಂಶಗಳ ಎದುರಿಗೇ. ಒಂದು ಕಾಲಕ್ಕೆ ಆ ಕೆಲಸ ಎಕ್ಸೆಲ್‌ನಲ್ಲೋ ಎಸ್‌ಪಿಎಸ್‌ಎಸ್‌ನಲ್ಲೋ ಮುಗಿಯುತ್ತಿತ್ತು. ಈಗ ಹೆಚ್ಚು ಹೆಚ್ಚು ಕಡೆ ಆರ್ ಭಾಷೆ ಬಂದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ರೂಪಿಸಿದ, 2000ದ ಫೆಬ್ರವರಿ 29ರಂದು 1.0.0 ಆವೃತ್ತಿಯಾಗಿ ಹೊರಬಂದ ಈ ಭಾಷೆಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಆದರೆ ಇಲ್ಲಿ ಮೆನು ಒತ್ತಿ ಉತ್ತರ ಪಡೆಯುವಂತಿಲ್ಲ. ದತ್ತಾಂಶವನ್ನು ಓದುವುದರಿಂದ ಹಿಡಿದು ಗ್ರಾಫಿನ ಬಣ್ಣದವರೆಗೆ ಪ್ರತಿ ಹೆಜ್ಜೆಯನ್ನೂ ಕೋಡ್ ಆಗಿ ಬರೆಯಬೇಕು.

ಆ ಕೋಡ್ ಅನ್ನು ಸಂಶೋಧಕರೇ ಬರೆಯಬೇಕೆ? ಬಲ್ಲವರಿಂದ ಬರೆಸಿಕೊಳ್ಳಬಹುದೆ? ಬಲ್ಲವರೆಂದರೆ ಪಕ್ಕದ ವಿಭಾಗದ ಸಂಖ್ಯಾಶಾಸ್ತ್ರಜ್ಞರಿರಬಹುದು, ಹಣ ಪಡೆದು ಮಾಡಿಕೊಡುವ ಸಲಹೆಗಾರರಿರಬಹುದು, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಐ ಕೂಡ ಇರಬಹುದು. ಎರಡೂ ಕಡೆಯ ವಾದ ಇಲ್ಲಿದೆ.

ಪರ: ಬಲ್ಲವರ ನೆರವು ಬೇಕು, ಅದೂ ಮೊದಲೇ ಬೇಕು

ಕೃಷಿ ವಿದ್ಯಾರ್ಥಿಯೊಬ್ಬರು ನೀರಾವರಿ ಕ್ರಮಗಳನ್ನೂ ತಳಿಗಳನ್ನೂ ಒಟ್ಟಿಗೆ ಪರೀಕ್ಷಿಸುತ್ತಿದ್ದಾರೆ ಎಂದುಕೊಳ್ಳೋಣ. ನೀರು ಹರಿಸುವುದು ದೊಡ್ಡ ತಾಕುಗಳಿಗೆ, ತಳಿಗಳನ್ನು ಬಿತ್ತುವುದು ಆ ತಾಕುಗಳೊಳಗಿನ ಸಣ್ಣ ಮಡಿಗಳಲ್ಲಿ. ಇದು ಸ್ಪ್ಲಿಟ್ ಪ್ಲಾಟ್ ವಿನ್ಯಾಸ. ನೀರಾವರಿಯ ಪರಿಣಾಮವನ್ನು ದೊಡ್ಡ ತಾಕುಗಳ ನಡುವಿನ ಏರುಪೇರಿನ ಜೊತೆ ತೂಗಬೇಕು, ತಳಿಯ ಪರಿಣಾಮವನ್ನು ಸಣ್ಣ ಮಡಿಗಳ ಏರುಪೇರಿನ ಜೊತೆ. ಆರ್‌ಗೆ ಇದನ್ನು ತಿಳಿಸಲು ಸೂತ್ರದಲ್ಲಿ ‘ಎರರ್’ ಎಂಬ ಭಾಗ ಸೇರಿಸಬೇಕು.

ಸೇರಿಸಲು ಮರೆತರೂ ಕೋಡ್ ಓಡುತ್ತದೆ. ಕೋಷ್ಟಕ ಬರುತ್ತದೆ, ಅದರಲ್ಲಿ ವ್ಯತ್ಯಾಸ ಖಚಿತ ಎನ್ನುವ ನಕ್ಷತ್ರದ ಗುರುತುಗಳೂ ಬರುತ್ತವೆ. ತಪ್ಪಾಗಿದೆ ಎಂದು ಪರದೆ ಎಲ್ಲಿಯೂ ಹೇಳುವುದಿಲ್ಲ. ನೀರಾವರಿಯಿಂದ ಇಳುವರಿ ಖಚಿತವಾಗಿ ಹೆಚ್ಚಿತು ಎಂಬ ತೀರ್ಮಾನ ಮಾತ್ರ ಆಧಾರವಿಲ್ಲದೆ ಪ್ರಬಂಧಕ್ಕೆ ಸೇರಿಬಿಡುತ್ತದೆ. ಅಲ್ಪವಿರಾಮ ತಪ್ಪಿದರೆ ಗಣಕಯಂತ್ರ ಹಿಡಿಯುತ್ತದೆ. ವಿನ್ಯಾಸ ತಪ್ಪಿದರೆ ಹಿಡಿಯಲು ಸಂಖ್ಯಾಶಾಸ್ತ್ರ ಬಲ್ಲ ಮನುಷ್ಯರೇ ಬೇಕು.

ಇಂಥ ಹೊಂಡಗಳು ಇನ್ನೂ ಇವೆ. ಗುಂಪುಗಳ ಗಾತ್ರ ಸಮವಿಲ್ಲದಾಗ ಆರ್‌ನ ಅನೋವಾ (ಗುಂಪುಗಳ ಸರಾಸರಿಗಳನ್ನು ಹೋಲಿಸುವ ಪರೀಕ್ಷೆ), ಅಂಶಗಳನ್ನು ಸೂತ್ರದಲ್ಲಿ ಬರೆದ ಅನುಕ್ರಮದಂತೆ ಲೆಕ್ಕ ಹಾಕುತ್ತದೆ. ಅನುಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ. ಎಸ್‌ಪಿಎಸ್‌ಎಸ್ ತಾನಾಗಿ ಬಳಸುವ ವಿಧಾನ ಬೇರೆ. ಅದೇ ದತ್ತಾಂಶ, ಅದೇ ಪರೀಕ್ಷೆ, ಎರಡು ತಂತ್ರಾಂಶದಲ್ಲಿ ಎರಡು ಉತ್ತರ. ಕಂಗಾಲಾದ ವಿದ್ಯಾರ್ಥಿ ತನಗೆ ಅನುಕೂಲವಾದುದನ್ನು ಆರಿಸಿಕೊಂಡರೆ ತಪ್ಪು ಯಾರದು? ಯಾವ ಪ್ರಶ್ನೆಗೆ ಯಾವ ಲೆಕ್ಕ ಎಂದು ವಿವರಿಸುವವರು ಪಕ್ಕದಲ್ಲಿರಲಿಲ್ಲ ಎಂಬುದೇ ಅಲ್ಲಿನ ಕೊರತೆ.

1938ರಲ್ಲಿ ಕಲ್ಕತ್ತೆಯಲ್ಲಿ ನಡೆದ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಸಂಖ್ಯಾಶಾಸ್ತ್ರಜ್ಞ ಆರ್.ಎ. ಫಿಶರ್ ಇದನ್ನೇ ಎಚ್ಚರಿಸಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞರನ್ನು ಕರೆಯುವುದು ಶವಪರೀಕ್ಷೆ ಮಾಡಿಸಿದಂತೆ, ಪ್ರಯೋಗ ಸತ್ತದ್ದು ಯಾವುದರಿಂದ ಎಂದಷ್ಟೇ ಅವರು ಹೇಳಬಲ್ಲರು ಎಂಬುದು ಅವರ ಮಾತಿನ ಸಾರ. ನೆರವು ಕೇಳುವುದು ನಾಚಿಕೆಯ ಸಂಗತಿ ಎಂದು ಭಾವಿಸಿ ಕೊನೆಯ ತಿಂಗಳವರೆಗೆ ಕಾಯುವವರಿಗೆ ಆ ಎಚ್ಚರಿಕೆ ಇವತ್ತಿಗೂ ಅನ್ವಯಿಸುತ್ತದೆ.

ನೆರವು ಎಷ್ಟು ಘನವಾದದ್ದಾಗಬಹುದು ಎಂಬುದಕ್ಕೆ ಕರ್ನಾಟಕದ ನೆಲದಲ್ಲಿ ಹುಟ್ಟಿದವರೇ ಉದಾಹರಣೆ. 1920ರಲ್ಲಿ ಹೂವಿನ ಹಡಗಲಿಯಲ್ಲಿ ಜನಿಸಿದ ಸಿ.ಆರ್. ರಾವ್, ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಿಂದ 1946ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪುರಾತನ ಅಸ್ಥಿಪಂಜರಗಳ ಅಳತೆಗಳನ್ನು ವಿಶ್ಲೇಷಿಸಲು. ಎಲುಬುಗಳನ್ನು ಬಲ್ಲ ಮಾನವಶಾಸ್ತ್ರಜ್ಞರು ಅಳತೆಗಳ ಲೆಕ್ಕಕ್ಕೆ ಆ ಸಂಸ್ಥೆಯ ಸ್ಥಾಪಕ ಮಹಾಲನೋಬಿಸರ ವಿಧಾನ ಬಲ್ಲವರನ್ನು ಕರೆಸಿಕೊಂಡರು. 1955ರಲ್ಲಿ ಆ ಅಧ್ಯಯನ ಪುಸ್ತಕವಾದಾಗ ರಾವ್ ಸಹಲೇಖಕರಾಗಿದ್ದರು. ಇಬ್ಬರ ವಿದ್ಯೆ ಕೂಡಿದ್ದರಿಂದ ಅಲ್ಲಿ ಯಾರ ಸಂಶೋಧನೆಯೂ ಕಿರಿದಾಗಲಿಲ್ಲ.

ಕೂಡದೇ ಹೋದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 2006ರಲ್ಲಿ, ಗೆಡ್ಡೆಯ ಜೀನ್‌ಗಳನ್ನು ನೋಡಿ ಯಾವ ಕ್ಯಾನ್ಸರ್ ಔಷಧ ಫಲಿಸುತ್ತದೆಂದು ಹೇಳಬಹುದು ಎಂದು ಪ್ರಕಟಿಸಿತು. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಆ ಲೆಕ್ಕವನ್ನು ಮತ್ತೆ ಮಾಡಿನೋಡಿದಾಗ ಜೀನ್‌ಗಳ ಪಟ್ಟಿ ಒಂದು ಸಾಲು ಜಾರಿರುವುದು ಕಂಡುಬಂತು. ಔಷಧಕ್ಕೆ ಮಣಿಯುವ ಮತ್ತು ಮಣಿಯದ ಮಾದರಿಗಳ ಹಣೆಪಟ್ಟಿಗಳೂ ಕೆಲವೆಡೆ ಅದಲುಬದಲಾಗಿದ್ದವು. 2009ರಲ್ಲಿ ಅವರು ಇದನ್ನು ಪ್ರಕಟಿಸುವ ಹೊತ್ತಿಗೆ ಆ ಸೂತ್ರ ನಂಬಿದ ಚಿಕಿತ್ಸಾ ಪ್ರಯೋಗಗಳಿಗೆ ರೋಗಿಗಳು ಸೇರಿಯಾಗಿತ್ತು. ಮುಂದೆ ಸರ್ಕಾರಿ ತನಿಖೆಯಲ್ಲಿ ದತ್ತಾಂಶವನ್ನು ಬೇಕೆಂದೇ ತಿರುಚಿದ್ದೂ ಹೊರಬಿತ್ತು. ತಪ್ಪಿನಲ್ಲಿ ಪಾಲಿಲ್ಲದ ಎರಡು ಜೊತೆ ಕಣ್ಣುಗಳು ಇಲ್ಲದಿದ್ದರೆ ಇದು ಇನ್ನೆಷ್ಟು ದಿನ ನಡೆಯುತ್ತಿತ್ತೋ.

ಗ್ರಾಫ್‌ಗಳ ವಿಷಯಕ್ಕೆ ಬಂದರೆ, ನೆರವಿಲ್ಲದೆ ಯಾರೂ ಗ್ರಾಫ್ ಬಿಡಿಸುತ್ತಲೇ ಇಲ್ಲ. ಆರ್‌ನಲ್ಲಿ ಗ್ರಾಫ್ ಬಿಡಿಸುವ ಜಿಜಿಪ್ಲಾಟ್2 ಪ್ಯಾಕೇಜ್ ಬಳಸುವವರೆಲ್ಲ ಹ್ಯಾಡ್ಲಿ ವಿಕಮ್ ಬರೆದ ಕೋಡಿನ ಮೇಲೆ ನಿಂತಿದ್ದಾರೆ. ವಿಕಮ್ ಸ್ವತಃ ಲೀಲಂಡ್ ವಿಲ್ಕಿನ್ಸನ್ 1999ರಲ್ಲಿ ಮಂಡಿಸಿದ ಗ್ರಾಫ್‌ಗಳ ವ್ಯಾಕರಣದ ಮೇಲೆ ನಿಂತವರು. ಆರ್‌ನ ಭಂಡಾರವಾದ ಕ್ರಾನ್‌ನಲ್ಲಿರುವ 20,000ಕ್ಕೂ ಹೆಚ್ಚು ಪ್ಯಾಕೇಜುಗಳು ಇನ್ನೊಬ್ಬರು ಮಾಡಿಟ್ಟ ಉಪಕಾರವೇ.

ಕೇಳುವುದಕ್ಕೂ ಒಂದು ಕ್ರಮವಿದೆ. ‘ಗ್ರಾಫ್ ಬರುತ್ತಿಲ್ಲ’ ಎಂದರೆ ಯಾರಿಗೂ ನೆರವಾಗಲು ಆಗದು. ದತ್ತಾಂಶವನ್ನು ಹತ್ತು ಸಾಲಿಗೆ ಇಳಿಸಿ, ರೋಗಿಗಳ ಹೆಸರು ತೆಗೆದು, ಓಡಿಸಿದ ಕೋಡ್, ಬಂದ ಉತ್ತರ, ಬರಬೇಕಾಗಿದ್ದ ಉತ್ತರ ಮೂರನ್ನೂ ಮುಂದಿಡಬೇಕು. ಇದಕ್ಕೆಂದೇ ರೆಪ್ರೆಕ್ಸ್ ಎಂಬ ಪ್ಯಾಕೇಜ್ ಇದೆ. ಹೀಗೆ ಪ್ರಶ್ನೆಯನ್ನು ಕಡೆದು ಚಿಕ್ಕದು ಮಾಡುವಾಗಲೇ ಎಷ್ಟೋ ಸಲ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಎಐಯನ್ನು ಕೇಳಿದರೂ ಕ್ರಮ ಇದೇ. ಅದು ಕೊಟ್ಟ ಕೋಡನ್ನು ಉತ್ತರ ಮೊದಲೇ ಗೊತ್ತಿರುವ ಕೃತಕ ದತ್ತಾಂಶದ ಮೇಲೆ ಓಡಿಸಿ ನೋಡಿದ ಮೇಲಷ್ಟೇ ಬಳಸಬೇಕು.

ಹಾಗಾಗಿ ವಿಶ್ವವಿದ್ಯಾಲಯಗಳು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪ್ರಬಂಧದ ಸಾರಾಂಶ ಮಂಜೂರಾಗುವ ಮುನ್ನವೇ ಸಂಖ್ಯಾಶಾಸ್ತ್ರಜ್ಞರೊಬ್ಬರು ವಿನ್ಯಾಸ ನೋಡಿ ಸಹಿ ಹಾಕಬೇಕು. ವಿಶ್ಲೇಷಣೆಯಲ್ಲಿ ಪಾಲ್ಗೊಂಡವರ ಹೆಸರು ಅವರ ಕೆಲಸದ ತೂಕಕ್ಕೆ ತಕ್ಕಂತೆ ಸಹಲೇಖಕರ ಸಾಲಿನಲ್ಲೋ ಕೃತಜ್ಞತೆಯ ಪುಟದಲ್ಲೋ ಬರಬೇಕು. ಇವತ್ತು ಗುಟ್ಟಾಗಿ, ಹಣಕ್ಕೆ, ಕೊನೆಯ ವಾರದಲ್ಲಿ ನಡೆಯುತ್ತಿರುವುದು ಆಗ ಬೆಳಕಿನಲ್ಲಿ, ಹೊತ್ತಿಗೆ ಸರಿಯಾಗಿ ನಡೆಯುತ್ತದೆ.

ವಿರೋಧ: ತನ್ನ ದತ್ತಾಂಶಕ್ಕೆ ಸಂಶೋಧಕ ತಾನೇ ಕೋಡ್ ಬರೆಯಬೇಕು

ಸಲಹೆ ಬೇಡ ಎಂದು ಯಾರೂ ಹೇಳುತ್ತಿಲ್ಲ. ಫಿಶರ್ ಹೇಳಿದ್ದು ಪ್ರಯೋಗಕ್ಕೆ ಮೊದಲಿನ ಸಮಾಲೋಚನೆಯ ಬಗ್ಗೆ, ಅದನ್ನು ಈ ಕಡೆಯವರೂ ಒಪ್ಪುತ್ತಾರೆ. ತಕರಾರು ಇರುವುದು ಫೈಲನ್ನು ಇನ್ನೊಬ್ಬರ ಕೈಗಿಟ್ಟು, ಕೋಷ್ಟಕ ಮತ್ತು ಗ್ರಾಫ್‌ಗಳನ್ನು ಸಿದ್ಧ ರೂಪದಲ್ಲಿ ಪಡೆಯುವ ಪದ್ಧತಿಗೆ. ಯಾಕೆಂದರೆ ವಿಶ್ಲೇಷಣೆಯ ದೊಡ್ಡ ತೀರ್ಮಾನಗಳು ನಡೆಯುವುದು ಪರೀಕ್ಷೆಯನ್ನು ಆಯುವಾಗಲ್ಲ, ಅದಕ್ಕೂ ಮೊದಲು ದತ್ತಾಂಶವನ್ನು ಹಸನು ಮಾಡುವಾಗ.

ಗಿಡವೊಂದಕ್ಕೆ ಎಷ್ಟು ಕಾಯಿ ಎಂದು ಎಣಿಸಿದ ಅಂಕಣದಲ್ಲಿ ಒಂದೇ ಒಂದು ಕಡೆ ಸಂಖ್ಯೆಯ ಬದಲು ‘ಇಲ್ಲ’ ಎಂದು ಟೈಪಾಗಿದೆ ಎಂದುಕೊಳ್ಳಿ. ಆರ್ ಇಡೀ ಅಂಕಣವನ್ನು ಪಠ್ಯವೆಂದು ಓದುತ್ತದೆ. ಹಳೆಯ ಆವೃತ್ತಿಗಳಲ್ಲಿ ಅದು ತಾನಾಗಿಯೇ ‘ಫ್ಯಾಕ್ಟರ್’, ಅಂದರೆ ವರ್ಗಗಳ ಅಂಕಣ, ಆಗುತ್ತಿತ್ತು. ಫ್ಯಾಕ್ಟರನ್ನು ನೇರವಾಗಿ ಸಂಖ್ಯೆಗೆ ತಿರುಗಿಸಿದರೆ ಸಿಗುವುದು ಮೂಲ ಸಂಖ್ಯೆಯಲ್ಲ, ಅಕ್ಷರಾನುಕ್ರಮದ ಸ್ಥಾನ. 10, 12, 5, 8 ಎಂಬ ಕಾಯಿಗಳು 1, 2, 3, 4 ಆಗುತ್ತವೆ. ಹತ್ತು ಕಾಯಿಯ ಗಿಡಕ್ಕೆ ಒಂದು, ಐದು ಕಾಯಿಯ ಗಿಡಕ್ಕೆ ಮೂರು! ಎಚ್ಚರಿಕೆಯ ಒಂದು ಸಾಲೂ ಬರುವುದಿಲ್ಲ. ಹೊಲದಲ್ಲಿ ಕೂತು ಎಣಿಸಿದವರು ಆ ಗ್ರಾಫ್ ನೋಡಿದ ಕೂಡಲೇ ಬೆಚ್ಚುತ್ತಾರೆ. ಗಿಡವನ್ನೇ ಕಾಣದ ಸಲಹೆಗಾರರಿಗೆ 1ರಿಂದ 4ರವರೆಗಿನ ಸಂಖ್ಯೆಗಳು ಸಹಜವಾಗಿಯೇ ಕಾಣುತ್ತವೆ.

ಬಿಟ್ಟುಹೋದ ಅಳತೆಗಳದ್ದೂ ಇದೇ ಕಥೆ. ಅಂಕಣದಲ್ಲಿ ಒಂದು ಖಾಲಿ ಇದ್ದರೆ ಆರ್ ಸರಾಸರಿ ಹೇಳಲು ನಿರಾಕರಿಸುತ್ತದೆ. ಖಾಲಿಗಳನ್ನು ಬಿಟ್ಟು ಲೆಕ್ಕ ಹಾಕು ಎಂದು ಒಂದು ಪದ ಸೇರಿಸಿದರೆ ಉತ್ತರ ಬರುತ್ತದೆ. ಎಐ ಆಗಲಿ ಸಲಹೆಗಾರರಾಗಲಿ ಆ ಪದವನ್ನು ಕೇಳುವ ಮೊದಲೇ ಸೇರಿಸಿಬಿಡುತ್ತಾರೆ. ಆದರೆ ಆ ಖಾಲಿ ಯಾಕೆ ಖಾಲಿ? ರೋಗಿ ಗುಣವಾಗಿ ಆಸ್ಪತ್ರೆಗೆ ಬರುವುದು ಬಿಟ್ಟರೆ? ತೀರಿಕೊಂಡರೆ? ಉಪಕರಣ ಕೆಟ್ಟಿತ್ತೆ? ಆರ್ ನಿರಾಕರಿಸಿದ್ದು ಸಂಶೋಧಕ ಅಲ್ಲಿ ನಿಂತು ಯೋಚಿಸಲಿ ಎಂದೇ. ಕೋಡ್ ಬೇರೆಯವರದ್ದಾದಾಗ ಆ ನಿಲುಗಡೆಯೇ ಇಲ್ಲವಾಗುತ್ತದೆ.

ಗ್ರಾಫ್ ಬರೀ ಅಲಂಕಾರ, ಅದನ್ನಾದರೂ ಬರೆಸಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಜಿಜಿಪ್ಲಾಟ್2ರಲ್ಲಿ ಬಾಕ್ಸ್ ಪ್ಲಾಟ್ ಬಿಡಿಸಿ, ‘ಲಂಬ ಅಕ್ಷ ತುಂಬ ಉದ್ದವಾಯಿತು, 50ಕ್ಕೆ ನಿಲ್ಲಿಸಿ’ ಎಂದು ಕೇಳಿದರೆ ಎರಡು ದಾರಿಗಳಿವೆ. ‘ಕೋಆರ್ಡ್ ಕಾರ್ಟೀಷಿಯನ್’ ಬಳಸಿದರೆ ಚಿತ್ರ ಮಾತ್ರ ಹಿಗ್ಗುತ್ತದೆ. ‘ವೈಲಿಮ್’ ಬಳಸಿದರೆ 50 ಮೀರಿದ ದತ್ತಾಂಶವೇ ಲೆಕ್ಕಕ್ಕೆ ಮೊದಲು ಹೊರಬೀಳುತ್ತದೆ, ಮಧ್ಯಕ ಕೆಳಗಿಳಿಯುತ್ತದೆ. ಇಷ್ಟು ಸಾಲು ತೆಗೆಯಲಾಗಿದೆ ಎಂಬ ಸಣ್ಣ ಎಚ್ಚರಿಕೆ ಕೋಡ್ ಓಡಿಸಿದವರ ಪರದೆಯಲ್ಲಿ ಮೂಡುತ್ತದೆ. ಚಿತ್ರವನ್ನು ಮಾತ್ರ ಇಮೇಲ್‌ನಲ್ಲಿ ಪಡೆದವರಿಗೆ ಅದು ಕಾಣುವುದೇ ಇಲ್ಲ.

ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಗುಂಪುಗಳನ್ನು ರಚಿಸಿ ತೋರಿಸಿದರು. ನಾಲ್ಕರಲ್ಲೂ ಸರಾಸರಿಗಳು ಒಂದೇ, ಸಹಸಂಬಂಧ ಸುಮಾರು 0.816. ಗ್ರಾಫ್ ಬಿಡಿಸಿದರೆ ಒಂದು ಸಾಧಾರಣ ಚದುರಿಕೆ, ಒಂದು ಬಾಗಿದ ಗೆರೆ, ಒಂದರಲ್ಲಿ ನೇರ ಗೆರೆಯಿಂದ ಸಿಡಿದ ಬಿಂದು, ಇನ್ನೊಂದರಲ್ಲಿ ಇಡೀ ಸಂಬಂಧವನ್ನು ಹೊತ್ತ ಒಂಟಿ ಬಿಂದು. ಈ ದತ್ತಾಂಶ ಆರ್ ಜೊತೆಗೇ ಬರುತ್ತದೆ. ಪ್ರಬಂಧದಲ್ಲಿ ಅಚ್ಚಾಗುವ ನಾಲ್ಕು ಗ್ರಾಫ್‌ಗಳಿಗಿಂತ, ನೋಡಿ ಎಸೆದ ನಲವತ್ತು ಗ್ರಾಫ್‌ಗಳಲ್ಲಿ ಸಂಶೋಧಕರ ಕಲಿಕೆ ಇರುತ್ತದೆ. ಆ ನಲವತ್ತನ್ನು ಯಾವ ಸಲಹೆಗಾರರೂ ಮಾಡಿಕೊಡುವುದಿಲ್ಲ.

ಏನು ನೋಡಬೇಕೆಂಬುದು ಕೂಡ ವಿಷಯ ಬಲ್ಲವರಿಗೇ ಹೊಳೆಯುವಂಥದ್ದು. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ 1973ರ ಪ್ರವೇಶಾತಿಯ ಲೆಕ್ಕವೂ ಆರ್‌ನಲ್ಲಿದೆ. ಅದರಲ್ಲಿರುವ ಆರು ವಿಭಾಗಗಳನ್ನು ಒಟ್ಟು ಮಾಡಿದರೆ ಪುರುಷರಲ್ಲಿ ಸುಮಾರು 45%, ಮಹಿಳೆಯರಲ್ಲಿ ಸುಮಾರು 30% ಮಂದಿಗೆ ಪ್ರವೇಶ. ಅನ್ಯಾಯ ಎದ್ದು ಕಾಣುತ್ತದೆ. ವಿಭಾಗವಾರು ಬಿಡಿಸಿದರೆ ಮೊದಲ ವಿಭಾಗದಲ್ಲಿ ಮಹಿಳೆಯರಿಗೆ 82%, ಪುರುಷರಿಗೆ 62%. ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದು ಸೀಟು ಸಿಗುವುದೇ ಕಷ್ಟವಿದ್ದ ವಿಭಾಗಗಳಿಗೆ. ಪ್ರವೇಶ ಕೊಡುವುದು ವಿಭಾಗಗಳು ಎಂದು ತಿಳಿದವರು ಮಾತ್ರ ಈ ಬಿಡಿಸುವಿಕೆಯನ್ನು ಯೋಚಿಸಬಲ್ಲರು.

ಇನ್ನು ಪರಿಣತರಿಗೆ ಒಪ್ಪಿಸಿದರೆ ಸರಿಯುತ್ತರ ಗ್ಯಾರಂಟಿ ಎಂಬ ನಂಬಿಕೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 29 ತಂಡಗಳಿಗೆ ಒಂದೇ ಫುಟ್ಬಾಲ್ ದತ್ತಾಂಶ ಕೊಟ್ಟು, ಕಪ್ಪು ಮೈಬಣ್ಣದ ಆಟಗಾರರಿಗೆ ರೆಫರಿಗಳು ಹೆಚ್ಚು ಕೆಂಪು ಕಾರ್ಡ್ ತೋರಿಸುತ್ತಾರೆಯೇ ಎಂದು ಕೇಳಲಾಯಿತು. 20 ತಂಡಗಳು ಹೌದು ಎಂದವು, 9 ತಂಡಗಳಿಗೆ ಖಚಿತ ಸಾಕ್ಷ್ಯ ಸಿಗಲಿಲ್ಲ. ಕೆಂಪು ಕಾರ್ಡಿನ ಸಂಭವದ ಅನುಪಾತದ (ಆಡ್ಸ್ ರೇಶಿಯೊ) ಅಂದಾಜುಗಳು 0.89ರಿಂದ 2.93ರವರೆಗೆ ಹರಡಿದ್ದವು. ಎಲ್ಲರೂ ಬಲ್ಲವರೇ. ಬೇರೆಯಾಗಿದ್ದು ಅವರ ಆಯ್ಕೆಗಳು. ಆ ಆಯ್ಕೆಗಳನ್ನು ಬಿಟ್ಟುಕೊಟ್ಟ ಸಂಶೋಧಕ ತನ್ನ ತೀರ್ಮಾನವನ್ನೇ ಬಿಟ್ಟುಕೊಟ್ಟಂತೆ.

ಎದುರು ಪಕ್ಷ ಡ್ಯೂಕ್ ಪ್ರಕರಣವನ್ನು ಮುಂದಿಡುತ್ತದೆ. ಅಲ್ಲಿ ತಪ್ಪು ಸಿಕ್ಕಿದ್ದು ಬ್ಯಾಗರ್ಲಿ ಮತ್ತು ಕೂಂಬ್ಸ್ ಮೂಲ ಫೈಲುಗಳಿಂದ ಇಡೀ ಲೆಕ್ಕವನ್ನು ತಾವೇ ಮತ್ತೆ ಕಟ್ಟಿದ್ದರಿಂದ. ಅರ್ಥಶಾಸ್ತ್ರದ ಪ್ರಸಿದ್ಧ ತಪ್ಪು ಸಿಕ್ಕಿದ್ದೂ ಹೀಗೆಯೇ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ, ಜಿಡಿಪಿಯ 90%ಕ್ಕಿಂತ ಹೆಚ್ಚು ಸಾಲವಿರುವ ದೇಶಗಳ ಸರಾಸರಿ ಬೆಳವಣಿಗೆ -0.1% ಎಂದಿದ್ದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್ಸಿನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕೆಂದು ಅದನ್ನು ಮತ್ತೆ ಲೆಕ್ಕ ಹಾಕಲು ಕುಳಿತರು. ಮೂಲ ಲೇಖಕರ ಎಕ್ಸೆಲ್ ಹಾಳೆಯ ಸರಾಸರಿಯಲ್ಲಿ ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಸೇರಿಯೇ ಇರಲಿಲ್ಲ. ಕೆಲವು ವರ್ಷಗಳ ಅಂಕಿಗಳನ್ನೂ ಬಿಡಲಾಗಿತ್ತು, ದೇಶಗಳಿಗೆ ತೂಕ ಕೊಟ್ಟ ಬಗೆಗೂ ಅವರ ಆಕ್ಷೇಪವಿತ್ತು. ಅವೆಲ್ಲವನ್ನೂ ಸರಿಪಡಿಸಿದಾಗ ಬಂದದ್ದು 2.2%. 2013ರಲ್ಲಿ ಇದು ಜಗತ್ತಿಗೆ ತಿಳಿಯಿತು. ವಿದ್ಯಾರ್ಥಿ ಆ ಲೆಕ್ಕವನ್ನು ಹೊರಗೆ ಮಾಡಿಸಿಕೊಂಡಿದ್ದರೆ ಆ ಐದು ದೇಶಗಳು ಯಾರ ಕಣ್ಣಿಗೆ ಬೀಳುತ್ತಿದ್ದವು?

ಪ್ಯಾಕೇಜುಗಳೂ ನೆರವೇ ಅಲ್ಲವೇ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಜಿಜಿಪ್ಲಾಟ್2ರ ಕೋಡ್ ಎಲ್ಲರೆದುರು ತೆರೆದಿದೆ, ಬಹಳಷ್ಟು ಜನ ಅದನ್ನು ಬಳಸಿ ಪರೀಕ್ಷಿಸುತ್ತಿದ್ದಾರೆ. ಹಣ ಕೊಟ್ಟು ಬರೆಸಿದ ಕೋಡ್ ಸಲಹೆಗಾರರ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ವರ್ಷ ಕಳೆದು ಪತ್ರಿಕೆಯ ವಿಮರ್ಶಕರು ಒಂದು ಗ್ರಾಫ್ ಬದಲಿಸಲು ಹೇಳಿದಾಗ ಆ ಸಲಹೆಗಾರರು ಸಿಗದಿರಬಹುದು. ಸಿಕ್ಕರೂ ಹಳೆಯ ಕೋಡ್ ಹಾಗೇ ಓಡಬೇಕೆಂದಿಲ್ಲ. 2020ರ ಆರ್ 4.0.0 ಆವೃತ್ತಿಯಿಂದ ಪಠ್ಯದ ಅಂಕಣಗಳು ತಾನಾಗಿ ಫ್ಯಾಕ್ಟರ್ ಆಗುವುದು ನಿಂತಿದೆ, ಅದನ್ನು ನೆಚ್ಚಿದ ಕೋಡ್‌ಗಳನ್ನು ತಿದ್ದಬೇಕಾಯಿತು.

ಸ್ಪ್ಲಿಟ್ ಪ್ಲಾಟಿನ ಸೂತ್ರವನ್ನು ಸಂಖ್ಯಾಶಾಸ್ತ್ರಜ್ಞರು ಹಲಗೆಯ ಮೇಲೆ ಬರೆದು ವಿವರಿಸಲಿ. ಕೀಲಿಮಣೆ ವಿದ್ಯಾರ್ಥಿಯ ಕೈಯಲ್ಲಿರಲಿ. ಸಂಶೋಧನಾ ಪೂರ್ವ ಕೋರ್ಸ್‌ನಲ್ಲಿ ಸಿದ್ಧ ಉದಾಹರಣೆಗಳ ಬದಲು ಅವರವರ ದತ್ತಾಂಶದ ಮೇಲೆಯೇ ಒಂದು ಸೆಮಿಸ್ಟರ್ ಆರ್ ಕಲಿಸಲಿ, ಪ್ರಬಂಧದ ಜೊತೆ ಕಚ್ಚಾ ದತ್ತಾಂಶ ಮತ್ತು ಕೋಡ್ ಎರಡನ್ನೂ ಸಲ್ಲಿಸುವುದು ಕಡ್ಡಾಯವಾಗಲಿ. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ಕೋಡಿನ ಯಾವುದಾದರೂ ಸಾಲಿಗೆ ಬೆರಳಿಟ್ಟು, ಇಲ್ಲಿ ಹನ್ನೆರಡು ರೋಗಿಗಳನ್ನು ಯಾಕೆ ಕೈಬಿಡಲಾಗಿದೆ ಎಂದು ಕೇಳಿದರೆ, ಉತ್ತರಿಸುವವರು ಆ ಹನ್ನೆರಡು ಮಂದಿಯನ್ನು ಕಂಡವರೇ ಆಗಿರುತ್ತಾರೆ.