ಕೇಳದೆ ಉಳಿದ ಪ್ರಶ್ನೆ

ಅಮೆರಿಕದ ಟಿ.ವಿ. ಬೋಧಕ ಬೆನ್ನಿ ಹಿನ್ ಬೆಂಗಳೂರಿಗೆ ಬಂದುಹೋಗಿ ಇಪ್ಪತ್ತು ವರ್ಷ ದಾಟಿತು. 2005ರ ಜನವರಿ 21ರಿಂದ ಮೂರು ದಿನ ಜಕ್ಕೂರು ವಿಮಾನ ಮೈದಾನದಲ್ಲಿ ಅವರ ಸಭೆ ನಡೆದಾಗ ಎದ್ದ ಗದ್ದಲ ಹಲವರಿಗೆ ನೆನಪಿರಬಹುದು. ಮತಾಂತರದ ಹುನ್ನಾರವೆಂದು ಬಿಜೆಪಿ ಮತ್ತು ಸಂಘ ಪರಿವಾರದವರು ಬೀದಿಗಿಳಿದರು. ಧರಂ ಸಿಂಗ್ ಸರ್ಕಾರ ಪೊಲೀಸ್ ಬಂದೋಬಸ್ತಿನಲ್ಲಿ ಸಭೆ ನಡೆಯಗೊಟ್ಟಿತು. ಧಾರ್ಮಿಕ ಸ್ವಾತಂತ್ರ್ಯದ ಪರ ಇದ್ದವರು ಸಂವಿಧಾನದ ಪುಟ ತೆರೆದರು. ಎಲ್ಲರೂ ತಮಗೆ ಬಾಯಿಪಾಠವಾಗಿದ್ದನ್ನೇ ಒಪ್ಪಿಸಿದರು. ವೇದಿಕೆಯ ಮೇಲೆ ಗುಣವಾಯಿತೆಂದು ಕೈ ಎತ್ತಿದವರಿಗೆ ನಿಜಕ್ಕೂ ಗುಣವಾಯಿತೇ ಎಂಬ ಪ್ರಶ್ನೆ ಆ ಗಲಾಟೆಯಲ್ಲಿ ಕೊಚ್ಚಿಹೋಯಿತು.

ಆ ಪ್ರಶ್ನೆಗೆ ಉತ್ತರ ಆಗಲೇ ಸಿದ್ಧವಿತ್ತು. 2001ರಲ್ಲಿ ಎಚ್‌ಬಿಒ ವಾಹಿನಿಗಾಗಿ ಆಂಟನಿ ಥಾಮಸ್ ತೆಗೆದ ಸಾಕ್ಷ್ಯಚಿತ್ರದ ತಂಡ, ಹಿನ್ ಸಭೆಯಲ್ಲಿ ಗುಣಮುಖರಾದರೆಂದು ಸಾರಿದ ಏಳು ಮಂದಿಯ ಬೆನ್ನುಹತ್ತಿ ಒಂದು ವರ್ಷ ನಿಗಾ ಇಟ್ಟಿತು. ಅವರಲ್ಲಿ ಒಬ್ಬರೂ ವಾಸಿಯಾದದ್ದು ಕಾಣಲಿಲ್ಲವೆಂದು ಥಾಮಸ್ ಹೇಳಿದರು. ಜಕ್ಕೂರು ಸಭೆಗೆ ಎರಡೇ ತಿಂಗಳು ಮೊದಲು, 2004ರ ನವೆಂಬರ್‌ನಲ್ಲಿ, ಕೆನಡಾದ ಸಿಬಿಸಿ ವಾಹಿನಿ ಗುಪ್ತ ಕ್ಯಾಮೆರಾ ಇಟ್ಟು ಇನ್ನೊಂದು ಸಂಗತಿ ತೋರಿಸಿತು. ಮೆಟ್ಟಿಲ ಬಳಿ ಕಾರ್ಯಕರ್ತರು ನಿಂತಿರುತ್ತಾರೆ. ಕೈಕಾಲು ಪೂರ್ತಿ ಸ್ವಾಧೀನ ತಪ್ಪಿದವರು, ಮಿದುಳಿಗೆ ಪೆಟ್ಟಾದವರು, ನೋಡಿದರೇ ರೋಗ ಗೊತ್ತಾಗುವವರು ಸಾಲಿಗೆ ಬಂದರೆ ಅವರನ್ನು ಮೆಲ್ಲಗೆ ತಿರುಗಿಸಿ ಕುರ್ಚಿಗೆ ಕಳಿಸುತ್ತಾರೆ. ವೇದಿಕೆ ಹತ್ತುವುದು ಬೆನ್ನುನೋವು, ಮಂಡಿನೋವು, ತಲೆಸುತ್ತು. ಹತ್ತಿದ ಮೇಲೆ ಬಿಳಿ ಸೂಟಿನ ಬೋಧಕರು ಕೈ ಬೀಸಿದರೆ ಸಾಲಿಗೆ ಸಾಲೇ ಹಿಂದಕ್ಕೆ ಬೀಳುತ್ತದೆ, ಹಿಡಿಯಲು ಹಿಂದೆ ಆಳುಗಳಿರುತ್ತಾರೆ. ಟಿ.ವಿ.ಯಲ್ಲಿ ಕಾಣುವುದು ಈ ಭಾಗವೊಂದೇ.

ಹಿನ್ ಹುಟ್ಟಿದ್ದು 1952ರಲ್ಲಿ, ಇಸ್ರೇಲಿನ ಜಾಫಾದ ಗ್ರೀಕ್ ಆರ್ಥೊಡಾಕ್ಸ್ ಮನೆಯಲ್ಲಿ. 1967ರ ಯುದ್ಧದ ತರುವಾಯ ಕುಟುಂಬ ಟೊರಾಂಟೊ ಸೇರಿತು. ಕ್ಯಾಥರಿನ್ ಕುಲ್ಮನ್ ಎಂಬ ಬೋಧಕಿಯ ಸ್ವಸ್ಥತಾ ಕೂಟ ನೋಡಿ ಇದೇ ದಾರಿ ಹಿಡಿದ ಅವರು 1983ರಲ್ಲಿ ಒರ್ಲಾಂಡೊದಲ್ಲಿ ಸ್ವಂತ ಸಭೆ ಕಟ್ಟಿದರು, 1990ರಲ್ಲಿ ಟಿ.ವಿ. ಕಾರ್ಯಕ್ರಮ ಆರಂಭಿಸಿದರು. 2007ರಲ್ಲಿ ಅಮೆರಿಕದ ಸೆನೆಟರ್ ಚಕ್ ಗ್ರಾಸ್ಲಿ ಲೆಕ್ಕ ಕೇಳಿದ ಆರು ಟಿ.ವಿ. ಬೋಧಕರಲ್ಲಿ ಇವರೂ ಒಬ್ಬರು. 2011ರಲ್ಲಿ ಆ ವಿಚಾರಣೆ ಯಾರಿಗೂ ದಂಡವಿಲ್ಲದೆ ಮುಗಿಯಿತು. 2015ರಲ್ಲಿ ಹೃದಯದ ತೊಂದರೆಯಾದಾಗ ಹಿನ್ ಆಸ್ಪತ್ರೆ ಸೇರಿದರು. ಸರಿಯಾದ ಕೆಲಸವನ್ನೇ ಮಾಡಿದರು! 2019ರಲ್ಲಿ, ಕಾಣಿಕೆ ಕೊಟ್ಟರೆ ದೇವರು ಸಿರಿ ಕೊಡುತ್ತಾನೆಂಬ ಬೋಧನೆಯೇ ತಪ್ಪು, ಸಾವಿರ ಡಾಲರ್ ಬಿತ್ತಿರಿ ಎನ್ನುವುದು ದೇವರಿಗೆ ಮಾಡುವ ಅಪಚಾರ ಎಂದರು. ಅಷ್ಟರೊಳಗೆ ಬಿತ್ತಿದವರ ದುಡ್ಡು ಬಿತ್ತಿದಲ್ಲೇ ಉಳಿದಿತ್ತು.

ನಮ್ಮಲ್ಲಿ ಇಂಥದ್ದನ್ನು ಪರೀಕ್ಷಿಸುವ ಸಂಪ್ರದಾಯ ಇರಲಿಲ್ಲವೆಂದಲ್ಲ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ ಪುಟ್ಟಪರ್ತಿಯ ಸಾಯಿಬಾಬಾ ಅವರಿಗೇ ಪತ್ರ ಬರೆದವರು. ಕ್ರೈಸ್ತ ಪಾದ್ರಿಯ ಮಗ ಅಬ್ರಹಾಂ ಕೋವೂರ್ ಪವಾಡ ತೋರಿಸಿದವರಿಗೆ ಲಕ್ಷ ರೂಪಾಯಿ ಪಣ ಇಟ್ಟಿದ್ದರು. ಇಬ್ಬರೂ ಯಾವ ದೇವರ ಪವಾಡವೆಂದು ನೋಡಲಿಲ್ಲ. ಜಕ್ಕೂರಿನ ಸಭೆ ಮುಗಿದ ಎಂಟನೇ ದಿನ, ಜನವರಿ 31ರಂದು, ನರಸಿಂಹಯ್ಯ ತೀರಿಕೊಂಡರು. ಅವರ ಪ್ರಶ್ನೆಯನ್ನು ಕೈಗೆತ್ತಿಕೊಳ್ಳಬೇಕಾದವರು ಆ ಹೊತ್ತಿಗೆ ಮತಾಂತರದ ಪರ–ವಿರೋಧ ಎಂದು ಎರಡು ಪಾಳಯವಾಗಿದ್ದರು.

ಬೆಂಗಳೂರಿನ ಹಳೆಯ ಜಗಳ ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಆರ್.ಎಚ್. ಕ್ಯಾಂಪಿನವರಿಗೆ ಏಕೆ ಅನ್ನಬಹುದು. ಪೂರ್ವ ಪಾಕಿಸ್ತಾನದಿಂದ ಧರ್ಮದ ಹೆಸರಿನಲ್ಲಿ ಓಡಿಸಲ್ಪಟ್ಟು ಬಂದ ಬಂಗಾಳಿಗಳು ನೆಲೆನಿಂತ ಊರಿದು. ದುರ್ಗಾಪೂಜೆ ಇಲ್ಲಿ ಜೋರು. ಕಾಲುವೆ ಗುಂಟ ಆಂಧ್ರದಿಂದ ಬಂದವರ ಕ್ಯಾಂಪುಗಳು, ಅತ್ತ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿಗಳ ಕಾಲದ ಕ್ರೈಸ್ತ ನೆಲೆ. ದೇವರುಗಳ ಕೊರತೆ ಇಲ್ಲಿಲ್ಲ, ವೈದ್ಯರ ಕೊರತೆ ಇದೆ. ದೊಡ್ಡ ರೋಗ ಬಂದರೆ ತೊಂಬತ್ತು ಕಿ.ಮೀ. ಆಸುಪಾಸಿನ ರಾಯಚೂರಿನ ರಿಮ್ಸ್‌ಗೆ ಓಡಬೇಕು. ಮನೆಯ ಟಿ.ವಿ. ಮಾತ್ರ ಯಾವ ಹೊತ್ತಿಗೂ ಕೈಗೆ ಸಿಗುತ್ತದೆ. ಬೆಳಗಿನ ತೆಲುಗು ವಾಹಿನಿ ಹಾಕಿ ನೋಡಿ: ಒಂದು ಕಡೆ ಸ್ವಸ್ಥತಾ ಕೂಟ, ಸಾಕ್ಷಿ ಹೇಳುವ ಹೆಂಗಸು, ಕೆಳಗೆ ಓಡುವ ಫೋನ್ ನಂಬರು. ಚಾನೆಲ್ಲು ಬದಲಿಸಿದರೆ ಜ್ಯೋತಿಷಿ, ಯಂತ್ರ, ರಕ್ಷೆ, ಅಲ್ಲೂ ಫೋನ್ ನಂಬರು. ಕ್ಷಯದ ಗುಳಿಗೆ ಆರು ತಿಂಗಳು ತಪ್ಪದೆ ನುಂಗಬೇಕು. ಎರಡನೇ ತಿಂಗಳಿಗೇ ಕೆಮ್ಮು ಕಡಿಮೆಯಾಗುತ್ತದೆ. ಅಷ್ಟರಲ್ಲಿ ಯಾರೋ ಪ್ರಾರ್ಥನೆಯಿಂದ ಗುಣವಾಯಿತು ಅಂದರೆ, ಇಲ್ಲವೇ ರಕ್ಷೆಯಿಂದ ಅಂದರೆ, ಗುಳಿಗೆ ಗೂಡಿನಲ್ಲೇ ಉಳಿಯುತ್ತದೆ. ಹಾಗೆ ನಿಂತ ಕ್ಷಯ ಮರಳುವಾಗ ಔಷಧಿಗೆ ಬಗ್ಗದ ಕ್ಷಯವಾಗಿ ಬರಬಹುದು.

ರಾಯಚೂರಿಗೆ ಏಮ್ಸ್ ಬೇಕೆಂದು ಜನ ಧರಣಿ ಕೂತದ್ದು 2022ರ ಮೇ ತಿಂಗಳಲ್ಲಿ. ಅದೇ ಮೇ ತಿಂಗಳಲ್ಲಿ ಬೊಮ್ಮಾಯಿ ಸರ್ಕಾರ ಮತಾಂತರ ತಡೆ ಸುಗ್ರೀವಾಜ್ಞೆ ತಂದಿತು. ಸುಗ್ರೀವಾಜ್ಞೆ ನಾಲ್ಕೇ ತಿಂಗಳಲ್ಲಿ ಕಾಯಿದೆಯಾಯಿತು, ಧರಣಿ ಸಾವಿರ ದಿನ ದಾಟಿತು. ಆ ಕಾಯಿದೆ ಯಾರನ್ನು ಹಿಡಿಯಬಲ್ಲದು? ತಗಡಿನ ಶೆಡ್ಡಿನಲ್ಲಿ ಜಮಖಾನೆ ಹಾಸಿ ಹತ್ತಾರು ಕೂಲಿಯವರ ನಡುವೆ ಡೋಲಕ್ ಬಾರಿಸುವ ಬಡ ಪಾಸ್ಟರನ್ನು. ಉಪಗ್ರಹದಿಂದ ಮಾತಾಡುವವರ ಕಾಲರು ಅದರ ಕೈಗೆ ಎಟುಕುವುದಿಲ್ಲ. 2023ರ ಜೂನ್‌ನಲ್ಲಿ ಅದನ್ನು ರದ್ದು ಮಾಡುವುದಾಗಿ ಸಿದ್ದರಾಮಯ್ಯ ಸಂಪುಟ ತೀರ್ಮಾನಿಸಿದ್ದು ಸರಿ. ಆದರೆ ರದ್ದತಿಯನ್ನೇ ಜಾತ್ಯತೀತತೆಯ ಪೂರ್ಣಾಹುತಿ ಎಂದುಕೊಂಡವರಿಗೂ ನನ್ನ ತಕರಾರಿದೆ. ಬಡವರ ನಂಬಿಕೆಯನ್ನು ಕಾಪಾಡುತ್ತೇವೆಂದು ಬಡವರ ಗುಳಿಗೆ ತಪ್ಪಿಸುವವರ ಬಗ್ಗೆ ಬಾಯಿ ಮುಚ್ಚಿಕೊಳ್ಳುವುದು ಯಾವ ಸೌಹಾರ್ದ?

ಹೊಸ ಕಾನೂನು ಬೇಕಿಲ್ಲ. ಧಾರ್ಮಿಕ ಸ್ವಾತಂತ್ರ್ಯ ಕೊಡುವ 25ನೇ ವಿಧಿಯೇ ಅದನ್ನು ಸಾರ್ವಜನಿಕ ಆರೋಗ್ಯಕ್ಕೆ ಒಳಪಡಿಸಿದೆ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಜಾಹೀರಾತು ಕಾಯಿದೆ ಮಂತ್ರ, ತಾಯಿತ, ಕವಚಗಳಿಂದ ಸಕ್ಕರೆ ಕಾಯಿಲೆ, ಲಕ್ವ, ಕ್ಷಯ, ಕ್ಯಾನ್ಸರ್ ವಾಸಿಮಾಡುತ್ತೇವೆಂಬ ಜಾಹೀರಾತನ್ನು ನಿಷೇಧಿಸುತ್ತದೆ. ಪ್ರಾರ್ಥಿಸಿದ ಎಣ್ಣೆಯ ಬಾಟಲಿಗೆ ಅದರಲ್ಲಿ ವಿನಾಯಿತಿ ಏಕಿರಬೇಕು? ಹನುಮಾನ್ ಚಾಲೀಸಾ ಯಂತ್ರದ ಟಿ.ವಿ. ಜಾಹೀರಾತು ಕಾನೂನುಬಾಹಿರವೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರ ಜನವರಿಯಲ್ಲಿ ಹೇಳಿದೆ. ಅದಕ್ಕೆ ಹಿಂದೂ ಧರ್ಮ ಕುಸಿಯಲಿಲ್ಲ. ಸ್ವಸ್ಥತೆಯ ಜಾಹೀರಾತು ನಿಂತರೆ ಯೇಸುವಿನ ಮೇಲಿನ ನಂಬಿಕೆಯೂ ಕುಸಿಯದು. ಪ್ರಾರ್ಥಿಸುವವರು ಪ್ರಾರ್ಥಿಸಲಿ, ದೇವರಲ್ಲಿ ಸಮಾಧಾನ ಕಾಣಲಿ. ಇಂಥ ರೋಗ ಇಂಥ ಹೊತ್ತಿಗೆ ವಾಸಿ ಎಂದು ಸಾರಿ ಕೆಳಗೆ ಬ್ಯಾಂಕ್ ಖಾತೆ ತೋರಿಸುವವರು ದಾಖಲೆ ತರಬೇಕು, ತಾರದಿದ್ದರೆ ಪ್ರಸಾರ ನಿಲ್ಲಬೇಕು.

ಕೇಬಲ್ ಟಿ.ವಿ. ನಿಯಮಗಳ 6ನೇ ನಿಯಮ ಮೂಢನಂಬಿಕೆಗೆ ಕುಮ್ಮಕ್ಕು ಕೊಡುವ ಕಾರ್ಯಕ್ರಮಗಳಿಗೆ ತಡೆ ಹಾಕಿದೆ. ಕೇಬಲಿನಲ್ಲಿ ಅಂಥ ಪ್ರಸಾರ ನಿಲ್ಲಿಸುವ ಅಧಿಕಾರ ದಿಲ್ಲಿಗಷ್ಟೇ ಇಲ್ಲ, ಜಿಲ್ಲಾಧಿಕಾರಿಗೂ ಉಪವಿಭಾಗಾಧಿಕಾರಿಗೂ ಕಾಯಿದೆಯೇ ಕೊಟ್ಟಿದೆ. ನಮ್ಮ ಉಪವಿಭಾಗಾಧಿಕಾರಿಯ ಕಚೇರಿ ಲಿಂಗಸುಗೂರಿನಲ್ಲಿದೆ. ಪಾಸ್ಟರ್ ಮೇಲೂ ಜ್ಯೋತಿಷಿ ಮೇಲೂ ಒಂದೇ ಅರ್ಜಿಯಲ್ಲಿ ದೂರು ಬರೆದುಕೊಂಡು ಅಲ್ಲಿಗೆ ಹೋಗುವ ಸಂಘಟನೆ, ಯಾವ ಬಣ್ಣದ್ದಾದರೂ ಸರಿ, ಈ ಉಪವಿಭಾಗದಲ್ಲಿ ಇದ್ದರೆ ಮುಂದೆ ಬರಲಿ.