ವಿಮಾ ಕಂಪನಿಯ ನಿರಾಕರಣವೇ ಕಡೆಯ ಮಾತೇ?

ಬೆಲ್ಲದ ಬಾಗೇವಾಡಿಯಂಥ ಊರಿನ ಗೃಹಸ್ಥನು ಕಬ್ಬಿನ ಬಿಲ್ಲು ಬರಲಿ ಬಿಡಲಿ, ಆರೋಗ್ಯವಿಮೆಯ ಕಂತನ್ನು ವರ್ಷವರ್ಷವೂ ತಪ್ಪದೆ ಕಟ್ಟುತ್ತಾನೆ. ಮನೆಯಲ್ಲಿ ಬೇನೆ ಬಿದ್ದಾಗ ಬೆಳಗಾವಿಯ ದವಾಖಾನೆಗೆ ಸಾಲ ಮಾಡಿ ಹಣ ತೆತ್ತು, ಕಾಗದಪತ್ರಗಳನ್ನು ಕಳುಹಿಸಿ ಕಾಯುತ್ತಾನೆ. ಕಡೆಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಉತ್ತರ ಬರುತ್ತದೆ: ಬೇನೆ ಹಿಂದಿನದು, ಹಣ ಕೊಡಲಾಗದು. ಅದನ್ನು ಪರರಿಂದ ಓದಿಸಿಕೊಂಡು ಹಣೆಬರಹವೆಂದು ಸುಮ್ಮನಾಗುವವರೇ ಬಹಳ.

ಈ ಪತ್ರವು ತೀರ್ಪಲ್ಲವೆಂಬುದನ್ನು ನಮ್ಮ ವಾಚಕರು ಮೊದಲು ಮನಗಾಣಬೇಕು. ಅದು ಕರಾರಿನ ಒಂದು ಪಕ್ಷದವರು ಆಡಿದ ಮಾತು ಮಾತ್ರ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಹೊರಡಿಸಿದ ಸುತ್ತೋಲೆಯಂತೆ, ಕಂಪನಿಯ ಪರಿಶೀಲನ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಬೇಡಿಕೆಯನ್ನೂ ತಳ್ಳಿಹಾಕುವಂತಿಲ್ಲ. ಯಾವ ಷರತ್ತಿನ ಮೇರೆಗೆ ತಳ್ಳಲಾಯಿತೆಂಬುದನ್ನೂ ತಿಳಿಸತಕ್ಕದ್ದು. ಆದುದರಿಂದ ಮೊದಲು ಕಂಪನಿಯ ದೂರು ಅಧಿಕಾರಿಗೆ ಬರವಣಿಗೆಯಲ್ಲಿ ತಕರಾರು ಕಳುಹಿಸಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು ಕೊಡಬಹುದು. 2017ರ ನಿಯಮಗಳಂತೆ ಇದಕ್ಕೆ ಶುಲ್ಕವಿಲ್ಲ, ವಕೀಲನೂ ಬೇಡ. 50 ಲಕ್ಷ ರೂಪಾಯಿಯವರೆಗಿನ ತಕರಾರನ್ನು ಅವರು ಇತ್ಯರ್ಥಪಡಿಸಬಲ್ಲರು, ಅವರ ನಿರ್ಣಯಕ್ಕೆ ಕಂಪನಿಯು ಕಟ್ಟುಬೀಳಲೇಬೇಕು. ಬಳಕೆದಾರರ ಆಯೋಗದ ಬಾಗಿಲೂ ತೆರೆದಿದೆ; 2019ರ ಕಾಯಿದೆಯಿಂದಾಗಿ ಬಾಗೇವಾಡಿಯವನು ಬೆಳಗಾವಿಯಲ್ಲಿಯೇ ಫಿರ್ಯಾದು ಹೂಡಬಹುದು, ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ಸರಿಯೆ. ಆದರೆ ಆಯೋಗದ ಮುಂದಿರುವ ವಿಷಯವನ್ನು ಲೋಕಪಾಲರು ಕೈಗೆತ್ತಿಕೊಳ್ಳುವುದಿಲ್ಲವಾದ್ದರಿಂದ, ಖರ್ಚಿಲ್ಲದ ದಾರಿಯನ್ನು ಮೊದಲು ಹಿಡಿಯುವುದೇ ಜಾಣತನ.

‘ಹಿಂದಿನ ಬೇನೆ’ ಎಂಬ ಕಾರಣವೂ ಅಷ್ಟು ಗಟ್ಟಿಯಾದುದೇನಲ್ಲ. ಎಡೆಬಿಡದೆ 60 ತಿಂಗಳು ಕಂತು ಕಟ್ಟಿದವನ ಬೇಡಿಕೆಯನ್ನು, ಮೋಸವನ್ನು ಸ್ಥಾಪಿಸಿದ ಹೊರತು, ಬೇನೆಯನ್ನು ಮರೆಮಾಚಿದನೆಂಬ ನೆವದಿಂದ ತಳ್ಳುವಂತಿಲ್ಲ. ಅರ್ಜಿದಾರನ ಆರೋಗ್ಯಸ್ಥಿತಿಯನ್ನು ಪರೀಕ್ಷಿಸಿ ತಿಳಿದೇ ಪಾಲಿಸಿ ಕೊಟ್ಟ ಕಂಪನಿಯು, ಅವನು ತಿಳಿಸಿದ್ದ ಬೇನೆಯನ್ನೇ ಮುಂದೊಡ್ಡಿ ಹಿಂದೆಗೆಯಲಾಗದೆಂದು ಸರ್ವೋಚ್ಚ ನ್ಯಾಯಾಲಯವು 2021ರ ಡಿಸೆಂಬರಿನಲ್ಲಿ ಹೇಳಿತು. ಅದೇ ನ್ಯಾಯಾಲಯವು 2009ರಲ್ಲಿ, ಸಕ್ಕರೆ ಬೇನೆಯನ್ನೂ ಮೂತ್ರಪಿಂಡದ ವಿಕಾರವನ್ನೂ ಮುಚ್ಚಿಟ್ಟ ಪ್ರಸಂಗದಲ್ಲಿ ಕಂಪನಿಯ ಪಕ್ಷವನ್ನೇ ಎತ್ತಿಹಿಡಿದುದನ್ನೂ ನಾವು ಮರೆಮಾಡುವುದಿಲ್ಲ. ಕಷ್ಟವಿರುವುದು ಇಲ್ಲಿಯೇ. ಅರ್ಜಿಯನ್ನು ಎಷ್ಟೋ ಸಲ ಏಜಂಟರೇ ತುಂಬುತ್ತಾರೆ. ಬೇನೆಯ ಕಲಮಿನ ಮುಂದೆ ‘ಇಲ್ಲ’ ಎಂದು ಬರೆದು ರುಜು ಹಾಕಿಸಿಕೊಳ್ಳುತ್ತಾರೆ. ಆ ಒಂದು ಮಾತಿನ ದಂಡವನ್ನು ತೆರುವವರು ರುಜು ಹಾಕಿದವರು, ದಲ್ಲಾಳಿಯಲ್ಲ.

ಪಾಲಿಸಿಯ ಮುಖ್ಯಾಂಶಗಳ ಪತ್ರಿಕೆಯನ್ನು ಗ್ರಾಹಕನು ಕೇಳಿದರೆ ಅವನ ಭಾಷೆಯಲ್ಲಿ ಕೊಡಬೇಕೆಂಬ ನಿಯಮವು 2024ರ ಜನವರಿಯಿಂದ ಜಾರಿಯಲ್ಲಿದೆ. ಕನ್ನಡದಲ್ಲಿ ಕೇಳುವವರು ಎಷ್ಟು ಮಂದಿ? ಕೇಳದಿದ್ದರೆ ಅವರಾಗಿ ಕೊಡುವರೆಂಬ ಭ್ರಮೆ ನಮಗಿಲ್ಲ. ಹಣ ವಸೂಲು ಮಾಡುವಾಗ ಕನ್ನಡದಲ್ಲಿ ಸವಿಮಾತನಾಡುವವರು ನಿರಾಕರಿಸುವಾಗ ಮಾತ್ರ ಇಂಗ್ಲಿಷಿನ ಮರೆ ಹೊಗುವುದು ನ್ಯಾಯವೆಂದು ಯಾವ ಪ್ರಾಮಾಣಿಕನೂ ಹೇಳಲಾರನು. ನಿರಾಕರಣ ಪತ್ರವೂ ಕನ್ನಡದಲ್ಲಿಯೇ ಬರತಕ್ಕದ್ದೆಂದು ಪ್ರಾಧಿಕಾರವು ವಿಧಿಸಬೇಕು.

ಅಲ್ಲಿಯವರೆಗೆ ಈ ಕೆಲಸವನ್ನು ಊರವರೇ ಮಾಡಿಕೊಳ್ಳಬೇಕಾಗಿದೆ. ಹುಕ್ಕೇರಿ ತಾಲೂಕಿಗೆ ಸಹಕಾರವು ಹೊಸದಲ್ಲ. 1969ರಲ್ಲಿ ಹುಟ್ಟಿದ ಇಲ್ಲಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಮನೆಮನೆಗೆ ದೀಪ ಮುಟ್ಟಿಸಿತು. 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆಯೂ ಸಹಕಾರ ಸಂಘಗಳ ಮೂಲಕವೇ ರೈತರನ್ನು ಮುಟ್ಟಿತು. ಇಂಥ ಸೀಮೆಯ ಪತ್ತಿನ ಸಂಘಗಳು ವಾರಕ್ಕೊಂದು ದಿನ ಒಬ್ಬ ಗುಮಾಸ್ತನನ್ನು ತಕರಾರು ಬರೆದುಕೊಡಲು ಕೂರಿಸಿದರೆ ಯಾವ ಬೊಕ್ಕಸವೂ ಬರಿದಾಗದು. ನಿವೃತ್ತ ಶಿಕ್ಷಕರೂ ಅಧಿಕಾರಿಗಳೂ ಈ ಭಾರಕ್ಕೆ ಹೆಗಲು ಕೊಡಬಹುದು. ಪಾಲಿಸಿ, ಅರ್ಜಿಯ ಪ್ರತಿ, ವೈದ್ಯರ ಟಿಪ್ಪಣಿ, ಕಂಪನಿಯ ಉತ್ತರ, ಇವಿಷ್ಟು ಕೈಯಲ್ಲಿದ್ದರೆ ಎರಡು ಪುಟದಲ್ಲಿ ಹಕೀಕತ್ತು ಮುಗಿಯುತ್ತದೆ.

ತಡಮಾಡಲು ಮಾತ್ರ ಆಸ್ಪದವಿಲ್ಲ. ಲೋಕಪಾಲರ ಬಳಿ ಹೋಗಲು ಇರುವ ಅವಧಿ ಒಂದು ವರ್ಷ. ಕಳೆದ ಯುಗಾದಿಯ ಸುಮಾರಿಗೆ ಕಂಪನಿಯಿಂದ ಕಡೆಯ ಉತ್ತರ ಪಡೆದವರ ದೂರು ಬರುವ ಯುಗಾದಿಗೆ ಮೊದಲೇ ಬೆಂಗಳೂರನ್ನು ಮುಟ್ಟಿರಬೇಕು.