ಹಸಿರು ಮುನಿಯ ಹಕ್ಕಿಯ ರಕ್ಷಣೆ ಕೋರಿ ಮನವಿ ಪತ್ರ

ಗೆ,
ಸದಸ್ಯ ಕಾರ್ಯದರ್ಶಿಯವರು,
ರಾಷ್ಟ್ರೀಯ ವನ್ಯಜೀವಿ ಮಂಡಳಿ,
ನವದೆಹಲಿ

ಇವರಿಂದ: ಕರ್ನಾಟಕದ ಹವ್ಯಾಸಿ ಪಕ್ಷಿವೀಕ್ಷಕರು

ವಿಷಯ: ಹಸಿರು ಮುನಿಯದ (ಹಸಿರು ರಾಟವಾಳ) ಅಕ್ರಮ ಮಾರಾಟ ತಡೆ ಹಾಗೂ ಅದರ ನೆಲೆಗಳ ರಕ್ಷಣೆ

ಮಾನ್ಯರೇ,

ಹಸಿರು ಮುನಿಯ ನಮ್ಮ ರಾಜ್ಯದ ಹಕ್ಕಿಯಲ್ಲ. ರಾಜಸ್ಥಾನದ ಮೌಂಟ್ ಅಬು ಸುತ್ತಮುತ್ತ ಹಾಗೂ ಮಧ್ಯ ಭಾರತದಲ್ಲಿ ಅಲ್ಲಲ್ಲಿ ಅದರ ವಾಸ. ಆದರೆ ಬಲೆಗೆ ಬಿದ್ದ ಹಕ್ಕಿ ಪಂಜರದಲ್ಲಿ ಯಾವ ಊರಿಗಾದರೂ ಬರಬಹುದು. ಕೊಳ್ಳುವವರಿರುವ ಊರಿನವರಿಗೂ ಈ ವಿಷಯದಲ್ಲಿ ಹೊಣೆಯಿದೆ ಎಂದು ನಂಬಿ ಬರೆಯುತ್ತಿದ್ದೇವೆ.

ಎಲೆಹಸಿರು ಬೆನ್ನು, ಹಳದಿ ಹೊಟ್ಟೆ, ಪಕ್ಕೆಯಲ್ಲಿ ಕಪ್ಪು-ಬಿಳಿ ಪಟ್ಟೆ, ಕೆಂಪು ಕೊಕ್ಕು. ಉದ್ದ ಸುಮಾರು 10 ಸೆಂಟಿಮೀಟರ್. ಈ ಅಂದವೇ ಅದಕ್ಕೆ ಮುಳುವಾಗಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯಕ್ಕೊಳಗಾಗಬಲ್ಲ ಪ್ರಭೇದವೆಂದು ಗುರುತಿಸಿದೆ. ವನ್ಯಜೀವಿ ಕಾಯ್ದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮ ಕಾಡುಹಕ್ಕಿಗಳ ವ್ಯಾಪಾರ ಅಪರಾಧ. ಆದರೆ ಆಸ್ಟ್ರೇಲಿಯಾ ಮೂಲದ ಝೀಬ್ರಾ ಫಿಂಚ್ ಅಂಗಡಿಯಲ್ಲಿ ರಾಜಾರೋಷವಾಗಿ ಬಿಕರಿಯಾಗುತ್ತದೆ. ಅದರ ಪಂಜರದ ಮರೆಯಲ್ಲಿ ನಮ್ಮ ಮುನಿಯವನ್ನು ಇಟ್ಟರೆ ಗುರುತಿಸುವವರು ಯಾರು? ಸಾಮಾನ್ಯ ಮುನಿಯಗಳಿಗೆ ಬಣ್ಣ ಬಳಿದು ಬೇರೆ ಹಕ್ಕಿಯೆಂದು ಮಾರುವುದಂತೂ ಈ ದಂಧೆಯ ಹಳೆಯ ವರಸೆ. ಆದ್ದರಿಂದ ಪೊಲೀಸ್, ರೈಲ್ವೆ ಮತ್ತು ಅರಣ್ಯ ತಪಾಸಣಾ ಸಿಬ್ಬಂದಿಗೆ ಮುನಿಯಗಳನ್ನು ಗುರುತಿಸುವ ತರಬೇತಿ ಕೊಡಿಸಬೇಕು. ಆನ್‌ಲೈನ್ ಮಾರಾಟದ ಮೇಲೂ ನಿಗಾ ಬೇಕು. ವಶಪಡಿಸಿಕೊಂಡ ಹಕ್ಕಿಗಳನ್ನು ಹತ್ತಿರದ ಉದ್ಯಾನದಲ್ಲಿ ಹಾರಿಬಿಟ್ಟು ಕೈತೊಳೆದುಕೊಳ್ಳದೆ, ಆರೋಗ್ಯ ತಪಾಸಣೆ ಮಾಡಿಸಿ ಮೂಲ ನೆಲೆಗೇ ಕಳುಹಿಸಬೇಕು. ಬೆಂಗಳೂರಿನ ಪಾರ್ಕಿನಲ್ಲಿ ಬಿಟ್ಟ ಹಸಿರು ಮುನಿಯ ಅಬು ಬೆಟ್ಟಕ್ಕೆ ಹಾರಿಹೋಗುವುದಿಲ್ಲ.

ನೆಲೆಯ ಪ್ರಶ್ನೆ ಇನ್ನೂ ಜಟಿಲ. ಮೌಂಟ್ ಅಬು ವನ್ಯಜೀವಿಧಾಮವಿದೆ, 2009ರಲ್ಲಿ ಆ ಪ್ರದೇಶಕ್ಕೆ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಯೂ ಬಂದಿದೆ. ಆದರೆ ಈ ಹಕ್ಕಿ ದಟ್ಟ ಕಾಡಿನದಲ್ಲ. ಎತ್ತರದ ಹುಲ್ಲು, ಬಂಡೆಗಳ ನಡುವಿನ ಕುರುಚಲು, ಲಂಟಾನದ ಪೊದೆ, ಹೊಲದ ಬದು, ಕಬ್ಬಿನ ಗದ್ದೆ, ಇವೇ ಅದರ ಮನೆ. ಸರ್ಕಾರಿ ನಕ್ಷೆಗಳಲ್ಲಿ ಕುರುಚಲು ಭೂಮಿಯೆಂದರೆ ಬಂಜರು. ಬಂಜರೆಂದರೆ ಸಸಿ ನೆಡುವ ಜಾಗ. ಹಸಿರೀಕರಣದ ಹೆಸರಿನಲ್ಲಿ ಹಸಿರು ಮುನಿಯದ ನೆಲೆಯನ್ನೇ ಅಳಿಸುವುದು ಯಾವ ನ್ಯಾಯ? ಅದರ ನೆಲೆಗಳಲ್ಲಿ ಪರ್ಯಾಯ ಅರಣ್ಯೀಕರಣಕ್ಕೆ ಅನುಮತಿ ಕೊಡಬಾರದು. ಲಂಟಾನ ಕಳೆ ನಿಜ, ತೆಗೆಯಲೇಬೇಕು. ಆದರೆ ಒಮ್ಮೆಗೇ ಬೋಳಿಸದೆ, ಗೂಡು ಕಟ್ಟುವ ತಿಂಗಳುಗಳನ್ನು ಬಿಟ್ಟು, ಸ್ಥಳೀಯ ಹುಲ್ಲು ಮತ್ತು ಪೊದೆ ಬೆಳೆದಂತೆ ಹಂತಹಂತವಾಗಿ ತೆಗೆಯಲು ಸೂಚಿಸಬೇಕು. ಬದುಗಳನ್ನು ಹಾಗೇ ಉಳಿಸಿಕೊಳ್ಳುವ ರೈತರಿಗೆ ಪ್ರೋತ್ಸಾಹಧನ ಸಿಗಬೇಕು. ಹಕ್ಕಿಯ ಹೊರೆಯನ್ನು ಅವರೊಬ್ಬರ ತಲೆಗೇ ಕಟ್ಟಲಾಗದು.

ರಾಜಸ್ಥಾನ, ಮಧ್ಯಪ್ರದೇಶ ಮತ್ತು ಛತ್ತೀಸ್‌ಗಢದ ಅರಣ್ಯ ಇಲಾಖೆಗಳು ಒಂದೇ ವಿಧಾನದಲ್ಲಿ, ಒಂದೇ ಋತುವಿನಲ್ಲಿ ಗಣತಿ ನಡೆಸುವಂತೆ ಮಂಡಳಿ ನಿರ್ದೇಶಿಸಬೇಕು. ಗೂಡಿನ ನಿಖರ ಸ್ಥಳಗಳನ್ನು ಮಾತ್ರ ಪ್ರಕಟಿಸಬಾರದು, ಬಲೆ ಹಾಕುವವರೂ ವರದಿ ಓದುತ್ತಾರೆ.

ಈ ಮನವಿಯನ್ನು ಸ್ಥಾಯಿ ಸಮಿತಿಯ ಮುಂದಿನ ಸಭೆಯಲ್ಲಿಟ್ಟು, ಕೈಗೊಂಡ ನಿರ್ಣಯವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿದಾರರು
ಬೆಂಗಳೂರು